“ಯಾರಿಗಾದ್ರೂ ಏನಾದ್ರೂ ಹೇಳೋದಿದೆಯಾ?”

ಸಭೆ ಮುಗಿಯುವ ಹೊತ್ತಿಗೆ ಮೇಜಿನ ತುದಿಯಲ್ಲಿ ಕೂತವರು ಫೈಲ್ ಮಡಚುತ್ತಾ ಈ ಪ್ರಶ್ನೆ ಕೇಳುತ್ತಾರೆ. ಎರಡು ಸೆಕೆಂಡ್ ಯಾರೂ ಉಸಿರೆತ್ತುವುದಿಲ್ಲ. “ಹಾಗಾದ್ರೆ ಇದೇ ಫೈನಲ್.” ಮೌನಂ ಸಮ್ಮತಿ ಲಕ್ಷಣಂ ಅನ್ನುವುದು ಹೆಣ್ಣು ನೋಡುವ ಶಾಸ್ತ್ರದಿಂದ ಹಿಡಿದು ಆಫೀಸ್ ಮೀಟಿಂಗ್‌ವರೆಗೆ ನಮ್ಮಲ್ಲಿ ನಡೆದುಕೊಂಡು ಬಂದ ಲೆಕ್ಕ. ಆದರೆ ಆ ಎರಡು ಸೆಕೆಂಡಿನ ಮೌನಕ್ಕೆ ಹತ್ತು ಅರ್ಥಗಳಿರುತ್ತವೆ, ಸಮ್ಮತಿ ಅವುಗಳಲ್ಲಿ ಒಂದು ಅಷ್ಟೇ.

ಈ ಪ್ರಶ್ನೆ ಎಷ್ಟು ದುಬಾರಿಯಾಗಬಲ್ಲದು ಎಂಬುದಕ್ಕೆ 1986ರ ಜನವರಿ 27ರ ರಾತ್ರಿಯ ದಾಖಲೆಯಿದೆ. ಮರುದಿನ ಅಮೆರಿಕದ ಬಾಹ್ಯಾಕಾಶ ಸಂಸ್ಥೆ ನಾಸಾದ ಚಾಲೆಂಜರ್ ಗಗನನೌಕೆಯ ಉಡಾವಣೆ. ಫ್ಲಾರಿಡಾದಲ್ಲಿರುವ ನಾಸಾದ ಕೆನಡಿ ಕೇಂದ್ರ, ಅಲಬಾಮಾದಲ್ಲಿರುವ ಅದರದೇ ಮಾರ್ಷಲ್ ಕೇಂದ್ರ, ಯೂಟಾದಲ್ಲಿ ಬೂಸ್ಟರ್ ರಾಕೆಟ್ ತಯಾರಿಸುವ ಮಾರ್ಟನ್ ಥಯೋಕಾಲ್ ಕಂಪನಿ, ಮೂರೂ ಕಡೆಯವರು ಫೋನ್ ಲೈನ್ ಮೇಲೆ ಕೂತರು. ಒಬ್ಬರ ಮುಖ ಒಬ್ಬರಿಗೆ ಕಾಣದು. ಚಾರ್ಟ್‌ಗಳು ಫ್ಯಾಕ್ಸ್‌ನಲ್ಲಿ ಬಂದಿದ್ದವು. ಚಳಿಯಲ್ಲಿ ಓ-ರಿಂಗ್, ಅಂದರೆ ಕೀಲಿನ ಸಂದು ಮುಚ್ಚುವ ರಬ್ಬರಿನ ಬಳೆ, ಗಡಸಾಗಿ ಬೂಸ್ಟರ್‌ನ ಕೀಲು ಬಿಗಿಯಾಗಿ ಮುಚ್ಚುವುದಿಲ್ಲ ಎಂಬುದು ರೋಜರ್ ಬೋಜೋಲಿ, ಆರ್ನಿ ಥಾಂಪ್ಸನ್ ಮೊದಲಾದ ಥಯೋಕಾಲ್ ಎಂಜಿನಿಯರ್‌ಗಳ ವಾದ. 53 ಡಿಗ್ರಿ ಫ್ಯಾರನ್‌ಹೀಟ್‌ಗಿಂತ, ಅಂದರೆ ಸುಮಾರು 12 ಡಿಗ್ರಿ ಸೆಲ್ಸಿಯಸ್‌ಗಿಂತ, ಕೆಳಗೆ ಹಾರಿಸಬೇಡಿ ಎಂದು ಕಂಪನಿಯೇ ಮೊದಲು ಹೇಳಿತು. ನಾಸಾ ಕಡೆಯ ಲ್ಯಾರಿ ಮುಲಾಯ್ ಸಿಡಿಮಿಡಿಗೊಂಡು, ಇನ್ನೇನು ಏಪ್ರಿಲ್‌ನಲ್ಲಿ ಹಾರಿಸಬೇಕೇ ಎಂದು ಕೇಳಿದರು.

ಆಮೇಲೆ ನಡೆದದ್ದನ್ನು ಹತ್ತಿರದಿಂದ ನೋಡಬೇಕು. ಥಯೋಕಾಲ್‌ನವರು ಐದು ನಿಮಿಷ ಕೊಡಿ ಎಂದು ಲೈನ್ ಮ್ಯೂಟ್ ಮಾಡಿದರು. ಐದು ನಿಮಿಷ ಅರ್ಧ ಗಂಟೆಯಾಯಿತು. ಎಂಜಿನಿಯರ್‌ಗಳು ಇನ್ನೊಮ್ಮೆ ವಾದಿಸಿ ಸುಮ್ಮನಾದರು. ಹಿರಿಯ ಅಧಿಕಾರಿ ಜೆರ್ರಿ ಮೇಸನ್, ಎಂಜಿನಿಯರಿಂಗ್ ವಿಭಾಗದ ಮುಖ್ಯಸ್ಥ ರಾಬರ್ಟ್ ಲುಂಡ್ ಅವರ ಕಡೆ ತಿರುಗಿ, ಎಂಜಿನಿಯರ್ ಟೋಪಿ ತೆಗೆದು ಮ್ಯಾನೇಜರ್ ಟೋಪಿ ಹಾಕಿಕೊಳ್ಳಿ ಎಂದರು. ಅಭಿಪ್ರಾಯ ಕೇಳಿದ್ದು ನಾಲ್ಕೇ ನಾಲ್ಕು ಮ್ಯಾನೇಜರ್‌ಗಳನ್ನು. ಲೈನ್ ಮತ್ತೆ ತೆರೆದಾಗ ಕಂಪನಿಯ ಉತ್ತರ ತಲೆಕೆಳಗಾಗಿತ್ತು: ಹಾರಿಸಬಹುದು. ನಾಸಾ ಕಡೆಯಿಂದ ಬಂದದ್ದು ಅದೇ ಪ್ರಶ್ನೆ, ಯಾರಿಗಾದರೂ ಭಿನ್ನಾಭಿಪ್ರಾಯ ಇದೆಯೇ? ಯೂಟಾದ ಕೋಣೆಯಿಂದ ಸದ್ದಿಲ್ಲ. ಮರುದಿನ ಹಾರಿದ 73ನೇ ಸೆಕೆಂಡಿಗೆ ನೌಕೆ ಛಿದ್ರವಾಗಿ ಏಳೂ ಜನ ತೀರಿಕೊಂಡರು.

ಬೋಜೋಲಿ ಹೆದರಿ ಬಾಯಿ ಮುಚ್ಚಿಕೊಂಡರು ಅಂತ ಓದುವುದು ಅನ್ಯಾಯ. ಆ ರಾತ್ರಿ ಅತಿ ಹೆಚ್ಚು ಗಂಟಲು ಹರಿದುಕೊಂಡವರಲ್ಲಿ ಅವರೂ ಒಬ್ಬರು. ಆದರೆ ಪ್ರಶ್ನೆ ಬಂದ ಹೊತ್ತಿಗೆ ತೀರ್ಮಾನ ಓದಿಯಾಗಿತ್ತು, ಓದಿದ್ದು ಅವರದೇ ಕಂಪನಿ. ಆ ಘಳಿಗೆಯಲ್ಲಿ ಬಾಯಿ ತೆರೆಯುವುದೆಂದರೆ ಅಭಿಪ್ರಾಯ ಹೇಳಿದಂತಲ್ಲ, ಮೇಲಧಿಕಾರಿಗಳ ಮಾತನ್ನು ಗಿರಾಕಿಯ ಎದುರಿಗೇ ತಳ್ಳಿಹಾಕಿದಂತೆ. ಹಾಗೆಯೇ ಮಾಮೂಲಿನಂತೆ “ಸುರಕ್ಷಿತ ಎಂದು ತೋರಿಸಿ” ಅನ್ನಬೇಕಾದಲ್ಲಿ ಆ ರಾತ್ರಿ “ಅಪಾಯ ಎಂದು ಸಾಬೀತು ಮಾಡಿ” ಎಂಬಂತಾಗಿತ್ತು. ಕೊನೆಯಲ್ಲಿ ಕೇಳುವ “ಯಾರಿಗಾದ್ರೂ” ಪ್ರಶ್ನೆ ಮಾಡುವುದೂ ಇಷ್ಟನ್ನೇ, ಸಾಬೀತಿನ ಹೊರೆಯನ್ನೆಲ್ಲ ಒಪ್ಪದವರ ತಲೆಗೆ ಕಟ್ಟುತ್ತದೆ.

ಇನ್ನೊಂದು ಸಂಗತಿಗೆ ಹೆದರಿಕೆಯ ಸಂಬಂಧವೇ ಇಲ್ಲ. ಚಳಿಗೂ ಓ-ರಿಂಗ್‌ಗೂ ನಂಟು ತೋರಿಸುವಾಗ ಹಾನಿಯಾದ ಉಡಾವಣೆಗಳನ್ನಷ್ಟೇ ನೋಡಿದರು, ಅದರಲ್ಲಿ 75 ಡಿಗ್ರಿ ಫ್ಯಾರನ್‌ಹೀಟ್‌ನದ್ದೂ (ಸುಮಾರು 24 ಸೆಲ್ಸಿಯಸ್) ಒಂದಿದ್ದುದರಿಂದ ನಂಟು ಕಾಣಲಿಲ್ಲ. ಹಾನಿಯಾಗದವುಗಳನ್ನೂ ಸೇರಿಸಿ ತನಿಖಾ ಆಯೋಗ ಆಮೇಲೆ ಲೆಕ್ಕ ಹಾಕಿತು: 65 ಡಿಗ್ರಿ ಫ್ಯಾರನ್‌ಹೀಟ್‌ಗಿಂತ (ಸುಮಾರು 18 ಸೆಲ್ಸಿಯಸ್) ತಣ್ಣಗಿದ್ದಾಗಿನ ನಾಲ್ಕಕ್ಕೆ ನಾಲ್ಕರಲ್ಲೂ ಹಾನಿ, ಬೆಚ್ಚಗಿದ್ದ ಇಪ್ಪತ್ತರಲ್ಲಿ ಮೂರರಲ್ಲಿ ಮಾತ್ರ. ಮಾಹಿತಿ ಇತ್ತು, ಮೇಜಿನ ಮೇಲೆ ಬರಲಿಲ್ಲ.

ಒಬ್ಬೊಬ್ಬರ ಹತ್ತಿರ ಒಂದೊಂದು ಚೂರಾಗಿ ಉಳಿದ ಮಾಹಿತಿ ಯಾಕೆ ಮೇಜಿಗೆ ಬರುವುದಿಲ್ಲ ಎಂಬುದನ್ನು ಮನಶ್ಶಾಸ್ತ್ರಜ್ಞರಾದ ಗ್ಯಾರಲ್ಡ್ ಸ್ಟಾಸರ್ ಮತ್ತು ವಿಲಿಯಂ ಟೈಟಸ್ 1985ರಲ್ಲಿ ಪ್ರಯೋಗ ಮಾಡಿ ತೋರಿಸಿದರು. ನಮ್ಮ ಅಪಾರ್ಟ್‌ಮೆಂಟ್ ಕಮಿಟಿಗೆ ಹಾಕಿ ನೋಡೋಣ. ಐದು ಜನ, ಹೊರಗೋಡೆಗೆ ಪೇಂಟ್ ಮತ್ತು ವಾಟರ್‌ಪ್ರೂಫಿಂಗ್ ಮಾಡಿಸಬೇಕು. ಮೊದಲ ಗುತ್ತಿಗೆದಾರನ ಕೊಟೇಶನ್ ಎರಡು ಲಕ್ಷ ಕಡಿಮೆ, ನಾಳೆಯೇ ಕೆಲಸ ಶುರು ಮಾಡುತ್ತಾನೆ. ಇದು ಐವರಿಗೂ ಗೊತ್ತು. ಸಾರವೆ ಕಟ್ಟುವುದಕ್ಕೆ ಅವನು ಬೇರೆ ದುಡ್ಡು ಕೇಳುತ್ತಾನೆ ಎಂಬುದು ಖಜಾಂಚಿಗೆ ಮಾತ್ರ ಗೊತ್ತು. ಪಕ್ಕದ ಕಟ್ಟಡದಲ್ಲಿ ಅವನು ಹೊಡೆಸಿದ ಬಣ್ಣ ಒಂದೇ ಮಳೆಗಾಲಕ್ಕೆ ಚಕ್ಕೆ ಎದ್ದದ್ದು ಮೂರನೇ ಮಹಡಿಯವರಿಗೆ ಮಾತ್ರ ಗೊತ್ತು. ಒಂದು ವಿಷಯ ಅದು ಗೊತ್ತಿರುವವರ ಬಾಯಿಂದ ಸಭೆಯಲ್ಲಿ ಹೊರಬರುವ ಸಾಧ್ಯತೆ ಶೇ 30 ಎಂದಿಟ್ಟುಕೊಳ್ಳಿ. ಐವರಿಗೂ ಗೊತ್ತಿರುವುದನ್ನು ಒಬ್ಬರಾದರೂ ಎತ್ತುವ ಸಾಧ್ಯತೆ ಶೇ 83. ಒಬ್ಬರಿಗೇ ಗೊತ್ತಿರುವುದಕ್ಕೆ ಶೇ 30ರಲ್ಲೇ ಮುಗಿಯಿತು. ಯಾರದೂ ದುರುದ್ದೇಶವಿಲ್ಲ, ಬರೀ ಲೆಕ್ಕ. ಮೇಲಾಗಿ ಎಲ್ಲರಿಗೂ ಗೊತ್ತಿರುವುದನ್ನು ಹೇಳಿದಾಗ ಸುತ್ತ “ಹೌದು ಹೌದು” ಬರುತ್ತದೆ, ಹೇಳಿದವರಿಗೂ ಖುಷಿ, ಅದೇ ಮಾತು ಮೂರು ಸಲ ತಿರುಗುತ್ತದೆ. ಚಕ್ಕೆ ಎದ್ದ ವಿಷಯ ಒಂದು ಸಲ ಬಂದು ಬಿದ್ದುಹೋಗುತ್ತದೆ.

ಇದಕ್ಕೆ ಸಿಕ್ಕಿರುವ ಮದ್ದು ಬಹಳ ನೀರಸವಾದದ್ದು, ಅಂದರೆ ಮಾತಿಗೆ ಮೊದಲು ಕಾಗದ. ಮ್ಯಾನೇಜ್‌ಮೆಂಟ್ ಸಂಶೋಧಕರಾದ ಡೆಲ್ಬೆಕ್ ಮತ್ತು ವ್ಯಾನ್ ಡಿ ವೆನ್ 1971ರಲ್ಲಿ ವಿವರಿಸಿದ ಕ್ರಮ ಇವತ್ತಿಗೂ ಹಾಗೇ ನಡೆಯುತ್ತದೆ. ಐದರಿಂದ ಒಂಬತ್ತು ಜನರಿಗೆ ಸರಿ, ಒಂದು ಗಂಟೆ ಮೀರಿ ಸಮಯ ಇಟ್ಟುಕೊಳ್ಳಬೇಕು. ಪ್ರಶ್ನೆಯನ್ನು ಒಂದು ಸಾಲಿನಲ್ಲಿ ಬೋರ್ಡ್ ಮೇಲೆ ಬರೆಯಿರಿ. ಹತ್ತು ನಿಮಿಷ ಎಲ್ಲರೂ ಮಾತಿಲ್ಲದೆ ತಮ್ಮ ತಮ್ಮ ಚೀಟಿಯಲ್ಲಿ ಬರೆಯಲಿ. ಆಮೇಲೆ ಸರದಿ: ಒಬ್ಬರು ಒಂದು ಅಂಶ ಓದುವುದು, ಚರ್ಚೆ ಇಲ್ಲ, ಬೋರ್ಡಿಗೇರಿಸುವುದು, ಎಲ್ಲರ ಚೀಟಿ ಬರಿದಾಗುವವರೆಗೆ ಸುತ್ತು. ನಂತರ ಅರ್ಥವಾಗದ್ದನ್ನು ಮಾತ್ರ ಕೇಳಿ ತಿಳಿದುಕೊಳ್ಳುವುದು. ಕೊನೆಗೆ ಪ್ರತಿಯೊಬ್ಬರೂ ಗುಟ್ಟಾಗಿ ಐದನ್ನು ಆರಿಸಿ 5ರಿಂದ 1ರವರೆಗೆ ಅಂಕ ಕೊಟ್ಟು ಕೂಡಿಸುವುದು. ಕೆಡುವುದು ಸಾಮಾನ್ಯವಾಗಿ ಎರಡನೇ ಹಂತದಲ್ಲಿ. ಮೂರು ನಿಮಿಷಕ್ಕೇ “ಆಯ್ತಲ್ವಾ?” ಎಂದು ಯಾರೋ ಪೆನ್ ಕೆಳಗಿಡುತ್ತಾರೆ. ಮೊದಲ ಮೂರು ನಿಮಿಷದಲ್ಲಿ ಚೀಟಿಗೆ ಬರುವುದು ಎಲ್ಲರಿಗೂ ಗೊತ್ತಿರುವ ಎರಡು ಲಕ್ಷವೇ. ಚಕ್ಕೆ ಎದ್ದ ಬಣ್ಣ ಬರುವುದು ಆಮೇಲೆ, ಪೆನ್ ಕಚ್ಚುತ್ತಾ ಕೂತಾಗ. ಕಾಗದದ ಬದಲು ವಾಟ್ಸ್ಆ್ಯಪ್ ಪೋಲ್ ಹಾಕುವವರೂ ಇದ್ದಾರೆ. ಯಾರು ಯಾವುದಕ್ಕೆ ಒತ್ತಿದರು ಎಂಬುದು ಅಲ್ಲಿ ಹೆಸರು ಸಮೇತ ಕಾಣುವುದರಿಂದ ಅಧ್ಯಕ್ಷರು ಒತ್ತಿದ್ದಕ್ಕೇ ಉಳಿದವರೂ ಒತ್ತುತ್ತಾರೆ. 1950ರ ದಶಕದಲ್ಲಿ ಮನಶ್ಶಾಸ್ತ್ರಜ್ಞ ಸಾಲಮನ್ ಆ್ಯಶ್ ಗೆರೆಗಳ ಉದ್ದ ಹೋಲಿಸುವ ಪ್ರಯೋಗದಲ್ಲಿ ಕಂಡದ್ದೂ ಇದೇ: ಮೊದಲೇ ಹೇಳಿಕೊಟ್ಟ ಗುಂಪು ಒಂದೇ ಬಾಯಲ್ಲಿ ತಪ್ಪು ಹೇಳಿದಾಗ, ಅದು ಗೊತ್ತಿಲ್ಲದೆ ಜೊತೆಗೆ ಕೂತವರ ಉತ್ತರಗಳಲ್ಲಿ ಸುಮಾರು ಮೂರನೇ ಒಂದು ಪಾಲು ಗುಂಪಿನ ಕಡೆ ವಾಲಿದವು. ಉತ್ತರವನ್ನು ಗುಟ್ಟಾಗಿ ಬರೆಯಲು ಬಿಟ್ಟಾಗ, ಅಥವಾ ಜೊತೆಗೆ ಒಬ್ಬನೇ ಒಬ್ಬ ಸರಿ ಹೇಳುವವನಿದ್ದಾಗ, ಅದು ತೀರಾ ಇಳಿಯಿತು.

ಆ ಒಬ್ಬನನ್ನು ನಾಟಕಕ್ಕೆ ನೇಮಿಸಿದರೆ ಸಾಲದು. “ಇವತ್ತು ನೀವು ವಿರೋಧ ಮಾಡಿ” ಎಂದು ಪಾತ್ರ ಹಂಚುವುದಕ್ಕಿಂತ ನಿಜವಾಗಿ ಒಪ್ಪದವರೊಬ್ಬರಿದ್ದರೆ ಗುಂಪು ಹೆಚ್ಚು ಯೋಚಿಸುತ್ತದೆ ಎಂದು ಮನಶ್ಶಾಸ್ತ್ರಜ್ಞೆ ಶಾರ್ಲನ್ ನೆಮೆತ್ ತೋರಿಸಿದ್ದಾರೆ. ಅಮೆರಿಕದ ಅಧ್ಯಕ್ಷ ಜಾನ್ ಎಫ್. ಕೆನಡಿ 1961ರಲ್ಲಿ ಕ್ಯೂಬಾದ ಬೇ ಆಫ್ ಪಿಗ್ಸ್ ದಾಳಿ ಸೋತ ಮುಖಭಂಗದ ಬಳಿಕ, 1962ರ ಕ್ಯೂಬಾ ಕ್ಷಿಪಣಿ ಬಿಕ್ಕಟ್ಟಿನಲ್ಲಿ ಉಳಿದವರು ಬಿಚ್ಚಿ ಮಾತಾಡಲಿ ಎಂದು ಕೆಲವು ಸಭೆಗಳಿಗೆ ತಾವೇ ಹೋಗದೆ ಉಳಿದರು. ನಮ್ಮಲ್ಲಿ ಯಜಮಾನರು ಎದ್ದು ಹೋಗುವುದು ಕಷ್ಟ, ಕಾಫಿ ಅವರ ಲೆಕ್ಕದಲ್ಲೇ ಬಂದಿರುತ್ತದೆ. ಕನಿಷ್ಠ ಅವರ ಚೀಟಿಯನ್ನು ಕೊನೆಗೆ ಓದಿಸಬಹುದು.

ಕನ್ನಡದಲ್ಲಿ ಬೇಡ ಅನ್ನುವುದಕ್ಕೆ ಬಳಸುವ ಪದಗಳನ್ನೂ ಸ್ವಲ್ಪ ಕಲಿಯಬೇಕಾಗುತ್ತದೆ. “ನೋಡೋಣ” ಅಂದರೆ ಬಹಳ ಸಲ ಇಲ್ಲ. “ಮಾಡಬಹುದು ಸರ್” ಅಂದರೆ ನಾನಾಗಿದ್ದರೆ ಮಾಡುತ್ತಿರಲಿಲ್ಲ. “ನೀವು ಹೇಳಿದ ಮೇಲೆ ಇನ್ನೇನು” ಅಂದರೆ ಕೈ ತೊಳೆದುಕೊಂಡೆ. ಮನೆಯೊಳಗೆ ಇದೇ “ನಿಮ್ಮಿಷ್ಟ” ಆಗುತ್ತದೆ. ಅವರು “ನಿನಗೆ ಬೇಕಾದ್ರೆ ಹೋಗೋಣ” ಅನ್ನುತ್ತಾರೆ, ಇವರು “ನಿಮಗೆ ಇಷ್ಟ ಇದ್ರೆ ಸರಿ” ಅನ್ನುತ್ತಾರೆ, ಯಾರಿಗೂ ಬೇಡದ ಪ್ರಯಾಣ ಹೊರಡುತ್ತದೆ. ಮ್ಯಾನೇಜ್‌ಮೆಂಟ್ ಪ್ರಾಧ್ಯಾಪಕ ಜೆರ್ರಿ ಹಾರ್ವಿ 1974ರಲ್ಲಿ ಇದಕ್ಕೆ ಅಬಿಲೀನ್ ಎಂಬ ಊರಿನ ಹೆಸರಿಟ್ಟರು. ಟೆಕ್ಸಾಸ್‌ನ 40 ಡಿಗ್ರಿ ಬಿಸಿಲಲ್ಲಿ ಏಸಿ ಇಲ್ಲದ ಕಾರಿನಲ್ಲಿ 85 ಕಿಲೋಮೀಟರ್ ದೂರದ ಆ ಊರಿಗೆ ಊಟಕ್ಕೆ ಹೋಗಿಬಂದ ನಾಲ್ವರಲ್ಲಿ ಒಬ್ಬರಿಗೂ ಹೋಗುವ ಮನಸ್ಸಿರಲಿಲ್ಲ.

ಆದ್ದರಿಂದ ಕೊನೆಯ ಪ್ರಶ್ನೆಯನ್ನು ಬದಲಿಸಿ ಕೇಳಬೇಕು: “ಆರು ತಿಂಗಳ ಮೇಲೆ ಇದು ಕೆಟ್ಟು ಕೂತಿದೆ ಅಂದ್ಕೊಳ್ಳಿ, ಯಾಕೆ ಕೆಟ್ಟಿರಬಹುದು? ಒಬ್ಬೊಬ್ಬರೂ ಒಂದೊಂದು ಕಾರಣ.” ಸರದಿ ಎಲ್ಲರಿಗಿಂತ ಕಿರಿಯರಿಂದ ಶುರುವಾಗಲಿ. ಈಗ ಸುಮ್ಮನಿರುವುದೇ ವಿಚಿತ್ರವಾಗಿ ಕಾಣುತ್ತದೆ, ಮಾತಾಡುವುದಲ್ಲ. ಬಂದ ಕಾರಣಗಳು ನಡಾವಳಿ ಪುಸ್ತಕದಲ್ಲಿ, ಠರಾವಿನ ಕೆಳಗೇ, ಹೇಳಿದವರ ಹೆಸರಿಲ್ಲದೆ ಬರಲಿ. ಆ ಪುಸ್ತಕವನ್ನು ಬರೆಯುವವರು ಸಭೆಗೆ ಮೊದಲೇ “ಸರ್ವಾನುಮತದಿಂದ ಅಂಗೀಕರಿಸಲಾಯಿತು” ಎಂದು ಬರೆದಿಟ್ಟುಕೊಂಡು ಬರುವ ರೂಢಿ ಇದ್ದರೆ, ಮೊದಲು ಆ ಸಾಲು ಹೊಡೆದುಹಾಕಿಸಿ.