ಶನಿವಾರವೆಂದರೆ ದನಿಯ ದಿನ

ವಾರದ ಉಳಿದ ದಿನಗಳಲ್ಲಿ ನಾನು ಬಿ.ಎ. ಅಂತಿಮ ವರ್ಷದ ವಿದ್ಯಾರ್ಥಿನಿ. ಪಾಠ ಕೇಳುವುದು, ಬರೆದುಕೊಳ್ಳುವುದು ಇಷ್ಟೇ ಕೆಲಸ. ಶನಿವಾರ ಮಾತ್ರ ಪೂರ್ತಿ ದನಿಯ ದುಡಿಮೆ. ಬೆಳಿಗ್ಗೆ ಹಾಡು, ಮಧ್ಯಾಹ್ನ ಕಣ್ಣು ಕಾಣದ ಹುಡುಗರಿಗೆ ಪುಸ್ತಕ ಓದಿ ಹೇಳುವುದು, ಇವೆರಡರ ನಡುವೆ ಅಡುಗೆ. ಹಾಡುವುದಕ್ಕೆ ಸಾಧನೆ ಬೇಕೆಂದು ಎಲ್ಲರೂ ಒಪ್ಪುತ್ತಾರೆ. ಇನ್ನೊಬ್ಬರಿಗಾಗಿ ಗಟ್ಟಿಯಾಗಿ ಓದುವುದಕ್ಕೂ ಅಷ್ಟೇ ಸಾಧನೆ ಬೇಕೆಂದು ನಾನು ಹೇಳಿದರೆ ಗೆಳತಿಯರು ನಂಬುವುದಿಲ್ಲ. ಅದಕ್ಕಾಗಿಯೇ ಇದನ್ನು ಬರೆಯಲು ಕುಳಿತೆ.

ನಾನು ತಂಬೂರಿ ಕೆಳಗಿಡುವವರೆಗೆ ನಮ್ಮ ಮನೆಯಲ್ಲಿ ಒಗ್ಗರಣೆ ಹಾಕುವಂತಿಲ್ಲ, ಮೆಣಸಿನಕಾಯಿ ಹುರಿಯುವಂತಿಲ್ಲ. ಇದು ಅವ್ವ ತಾನಾಗಿಯೇ ಮಾಡಿಕೊಂಡ ಕಟ್ಟಳೆ. ಒಮ್ಮೆ ಘಾಟು ಏರಿತೆಂದರೆ ಖರ್ಜದ, ಎಂದರೆ ಕೆಳಸ್ಥಾಯಿಯ, ಷಡ್ಜ ಅರ್ಧ ತಾಸು ಹತ್ತಿರ ಸುಳಿಯುವುದಿಲ್ಲ. ಸದ್ಯ ನಮ್ಮ ಗುರುಗಳು ಹಿಂದೂಸ್ತಾನಿಯ ತೋಡಿ ರಾಗ ಹೇಳಿಕೊಡುತ್ತಿದ್ದಾರೆ. ರಿಷಭ, ಗಾಂಧಾರ, ಧೈವತ ಮೂರೂ ಕೋಮಲ, ಎಂದರೆ ತಗ್ಗಿದ ಸ್ವರಗಳು; ಮಧ್ಯಮ ತೀವ್ರ, ಎಂದರೆ ಏರಿದ್ದು. ಕಾಗದದ ಮೇಲೆ ಬರೆದರೆ ಒಂದು ಸಾಲಿನಲ್ಲಿ ಮುಗಿಯುವ ವಿಷಯ. ಆದರೆ ತೋಡಿಯ ಗಾಂಧಾರ ಹಾರ್ಮೋನಿಯಂ ಮನೆಯಲ್ಲಿ (ಒತ್ತುವ ಪಟ್ಟಿಯಲ್ಲಿ) ಸಿಗುವ ಕೋಮಲ ಗಾಂಧಾರಕ್ಕಿಂತ ಇನ್ನೂ ಸ್ವಲ್ಪ ಕೆಳಗಿದೆ. ಅಲ್ಲಿಗೆ ಕಿವಿಯೊಂದೇ ಕರೆದೊಯ್ಯಬೇಕು. ಆದ್ದರಿಂದ ತಂಬೂರಿಯನ್ನು ಸಾವಧಾನವಾಗಿ ಶ್ರುತಿ ಮಾಡಿಕೊಳ್ಳುತ್ತೇನೆ. ತಂತಿಗಳನ್ನು ಹೊತ್ತಿರುವ ಕುದುರೆ ಎಂಬ ತುಂಡಿನ ಮೇಲೆ ತಂತಿಯ ಅಡಿಗಿರುವ ಹತ್ತಿ ಎಳೆಯನ್ನು ಒಂದಿಷ್ಟೇ ಹಿಂದೆ ಮುಂದೆ ಸರಿಸುತ್ತಾ ಹೋದರೆ, ಎಲ್ಲೋ ಒಂದು ಕಡೆ ಮಂಕಾಗಿದ್ದ ತಂತಿ ತಟ್ಟನೆ ಬಿಚ್ಚಿಕೊಂಡು ತುಂಬಿ ನುಡಿಯತೊಡಗುತ್ತದೆ. ಆ ಜಾಗ ಸಿಕ್ಕ ಮೇಲೆ ಎಳೆಯನ್ನು ಮುಟ್ಟಬಾರದು.

ಪಾಠ ಗದಗಿನ ಅವಳಿ ಊರು ಬೆಟಗೇರಿಯಲ್ಲಿ. ಇಡೀ ಪಾಠದಲ್ಲಿ ಹಲವು ಸಲ ರಿಷಭ, ಗಾಂಧಾರಗಳಿಂದ ಮುಂದೆ ಹೋಗುವುದೇ ಇಲ್ಲ. “ಮುಂದೇನಿದೆ ಎಂದು ನೋಡಬೇಡ, ಇಲ್ಲೇ ಕುಳಿತುಕೋ” ಎನ್ನುತ್ತಾರೆ ಗುರುಗಳು. ಕಾಲೇಜು, ಪರೀಕ್ಷೆ, ಮನೆಗೆಲಸ ಎಂದು ಯಾರಾದರೂ ರಾಗ ಎಳೆದರೆ ಅವರು ಗಂಗೂಬಾಯಿ ಹಾನಗಲ್ ಅವರ ಮಾತು ತೆಗೆಯುತ್ತಾರೆ. ಸವಾಯಿ ಗಂಧರ್ವರಲ್ಲಿ ಕಲಿಯಲು ಗಂಗೂಬಾಯಿ ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಬರುತ್ತಿದ್ದರು. ಆ ಹೆಸರು ಕೇಳಿದ ಮೇಲೆ ನಮ್ಮ ಬಾಯಿ ತೆರೆಯುವುದು ಹಾಡುವುದಕ್ಕೆ ಮಾತ್ರ.

ಮನೆಗೆ ಬಂದವಳೇ ರೊಟ್ಟಿಗೆ ನಿಲ್ಲುತ್ತೇನೆ. ಶನಿವಾರದ ಅಡುಗೆ ನನ್ನದು. ಅವ್ವನಿಗೆ ಅಂದು ಹೊಲಿಗೆಯ ಕೆಲಸ ಹೆಚ್ಚು. ಜೋಳದ ಹಿಟ್ಟಿನ ನಡುವೆ ಗುಳಿ ಮಾಡಿ, ಕುದಿಯುವ ಎಸರು ಸುರಿದು, ಮೊದಲು ಸೌಟಿನಿಂದ ಕಲಸಿ, ಕೈ ತಾಳುವಷ್ಟಾದಾಗ ನಾದಬೇಕು. ಗೋಧಿಗಿರುವ ಜಿಗುಟು ಜೋಳಕ್ಕಿಲ್ಲ. ಬಿಸಿನೀರೇ ಅದನ್ನು ಹಿಡಿದಿಡುವುದು, ನೀರು ಆರಿದ್ದರೆ ಬಡಿಯುವಾಗ ಅಂಚು ಸೀಳುತ್ತದೆ. ಹಂಚಿನ ಮೇಲೆ ಹಾಕಿ ಒದ್ದೆ ಬಟ್ಟೆಯಿಂದ ನೀರು ಸವರಿ, ಆ ತೇವ ಆರಿದೊಡನೆ ಮಗುಚಬೇಕು. ತಡವಾದರೆ ಮೇಲ್ಪದರ ಬಿರಿದು ರೊಟ್ಟಿ ಉಬ್ಬುವುದಿಲ್ಲ. ಜೊತೆಗೆ ಮಡಿಕೆಕಾಳಿನ ಪಲ್ಯ, ಗುರೆಳ್ಳು ಚಟ್ನಿ, ಹಸಿ ಮೆಂತ್ಯ ಸೊಪ್ಪು, ಮೊಸರು. ಈ ಹೊತ್ತಿನಲ್ಲಿ ನಾನು ಗುನುಗುವುದೂ ಇಲ್ಲ. ಗಂಟಲು ಮಧ್ಯಾಹ್ನಕ್ಕೆ ಬೇಕು.

ಗದಗಿನಲ್ಲಿ ಕಣ್ಣು ಕಾಣದವರೆಂದರೆ ಜನರಿಗೆ ಮೊದಲು ನೆನಪಾಗುವುದು ವೀರೇಶ್ವರ ಪುಣ್ಯಾಶ್ರಮ. ಪಂಚಾಕ್ಷರಿ ಗವಾಯಿಗಳು, ಅವರ ನಂತರ ಪುಟ್ಟರಾಜ ಗವಾಯಿಗಳು, ಇಬ್ಬರೂ ಹಾನಗಲ್ ಸೀಮೆಯಿಂದ ಬಂದವರು, ಇಬ್ಬರಿಗೂ ಕಣ್ಣಿರಲಿಲ್ಲ. ಅನ್ನ ಹಾಕಿ ವಿದ್ಯೆ ಕೊಟ್ಟು ಎಷ್ಟೋ ಅಂಧ ಮಕ್ಕಳನ್ನು ಗಾಯಕರನ್ನಾಗಿ, ವಾದಕರನ್ನಾಗಿ ಮಾಡಿದರು. 2010ರಲ್ಲಿ ಪುಟ್ಟರಾಜರಿಗೆ ಪದ್ಮಭೂಷಣ ಬಂತು, ಅದೇ ವರ್ಷ ಅವರು ಲಿಂಗೈಕ್ಯರಾದರು. ಈ ಊರಿನಲ್ಲಿ ಹಾಡು ಕಲಿಯುವ ಯಾರಿಗೂ ಆ ಋಣ ತಪ್ಪಿದ್ದಲ್ಲ. ಆದರೆ ಇದರಿಂದ ಇನ್ನೊಂದು ರೂಢಿಯೂ ಬೆಳೆದಿದೆ. ಕಣ್ಣು ಕಾಣದ ಹುಡುಗ ಸಿಕ್ಕರೆ ಸಾಕು, “ಒಂದು ಹಾಡು ಹೇಳಪ್ಪಾ” ಎನ್ನುತ್ತಾರೆ. ನಾನು ಓದಿ ಹೇಳುವ ಹುಡುಗರಲ್ಲಿ ಒಬ್ಬನಿಗೆ ಹಾಡಿನ ಗೊಡವೆಯೇ ಇಲ್ಲ. ಅವನಿಗೆ ಸರಕಾರಿ ನೌಕರಿ ಬೇಕು, ಸ್ಪರ್ಧಾತ್ಮಕ ಪರೀಕ್ಷೆಗೆ ತಯಾರಿ ನಡೆಸಿದ್ದಾನೆ. ಅವನಿಗೆ ಬೇಕಾದದ್ದು ಪುಸ್ತಕ.

“ಮೊಬೈಲೇ ಈಗ ಕನ್ನಡ ಓದುತ್ತದಲ್ಲ, ನೀನೇಕೆ?” ಎಂದು ಕೇಳುವವರಿದ್ದಾರೆ. ಓದುತ್ತದೆ, ನಿಜ, ಅದರಿಂದ ದೊಡ್ಡ ಉಪಕಾರವೂ ಆಗಿದೆ. ಆದರೆ ಕೈಬರಹದ ನೋಟ್ಸ್‌ನ ಮಸುಕು ಜೆರಾಕ್ಸ್ ಅದಕ್ಕೆ ಸರಿಯಾಗಿ ಓದಲು ಬರುವುದಿಲ್ಲ. ಕೋಷ್ಟಕ ಬಂದರೆ ಅಂಕಿಗಳನ್ನು ಒಂದರ ಹಿಂದೆ ಒಂದು ಸುರಿದುಬಿಡುತ್ತದೆ, ಯಾವುದು ಯಾವ ಸಾಲಿನದೆಂದು ಕೇಳುವವನಿಗೆ ತಿಳಿಯುವುದಿಲ್ಲ. ನಾನು ಮೊದಲು ಅಡ್ಡಸಾಲು, ಕಂಬಸಾಲುಗಳ ತಲೆಬರಹ ಹೇಳಿ, ಆಮೇಲೆ ಪ್ರತಿ ಅಂಕಿಯನ್ನೂ ಅದರ ತಲೆಬರಹದೊಡನೆ ಓದುತ್ತೇನೆ. ಹೆಸರುಗಳನ್ನು ಬಿಡಿಸಿ ಹೇಳುತ್ತೇನೆ. ಒಂದೊಂದು ವಾಕ್ಯದ ಕೊನೆಯನ್ನೂ ನುಂಗದೆ ಪೂರ್ತಿ ಉಚ್ಚರಿಸಬೇಕು. ಕನ್ನಡದಲ್ಲಿ “ಆಗುತ್ತದೆ”, “ಆಗುವುದಿಲ್ಲ” ಎರಡೂ ತೀರ್ಮಾನವಾಗುವುದು ಕೊನೆಯಲ್ಲೇ, ಉಸಿರು ಮುಗಿಯುವುದೂ ಅಲ್ಲೇ. ಇಲ್ಲಿ ಖರ್ಜದ ಅಭ್ಯಾಸ ನನಗೆ ನೇರವಾಗಿ ನೆರವಾಗುತ್ತದೆ.

ನಕಾಶೆಗೆ ದನಿ ಸಾಲದು. ಕಳೆದ ಶನಿವಾರ ಕರ್ನಾಟಕದ ನದಿಗಳ ಪಾಠವಿತ್ತು. ದಪ್ಪ ರಟ್ಟಿನ ಮೇಲೆ ನದಿಗಳಿಗೆ ದಾರ ಅಂಟಿಸಿದೆ, ಊರುಗಳಿಗೆ ಜೋಳದ ಕಾಳು, ಅಣೆಕಟ್ಟುಗಳಿಗೆ ಅವ್ವನ ಡಬ್ಬಿಯಿಂದ ಅಂಗಿಯ ಗುಂಡಿ. ನೌಕರಿಗೆ ಓದುತ್ತಿರುವ ಆ ಹುಡುಗ ತೋರುಬೆರಳನ್ನು ಮಲಪ್ರಭೆ ಹುಟ್ಟುವ ಕಣಕುಂಬಿಯ ಕಾಳಿನ ಮೇಲಿಟ್ಟು ಆ ನದಿಯ ದಾರ ಹಿಡಿದು ಹೊರಟ. ಸವದತ್ತಿಯ ಬಳಿ ನವಿಲುತೀರ್ಥದ ಗುಂಡಿ ದಾಟಿದ. ಹೊಳೆಆಲೂರಿನ ಕಾಳು ಸಿಕ್ಕಿದಾಗ ಬೆರಳು ನಿಂತಿತು. ಅವನ ಊರು ಅದೇ ಸುತ್ತಿನದು.

“ಅಕ್ಕಾ, ಇದು ನಮ್ಮ ಹೊಳೆ ತಾನೇ?”

“ಹೌದು.”

“ನಾನು ಇದರಲ್ಲಿ ಈಜಿದ್ದೇನೆ. ಮುಂದೆ ಎಲ್ಲಿಗೆ ಹೋಗುತ್ತದೆಂದು ಯಾರೂ ಹೇಳಿರಲಿಲ್ಲ.”

ಮುಂದೆ ಪಟ್ಟದಕಲ್ಲಿನಲ್ಲಿ ದಾರ ಉತ್ತರಕ್ಕೆ ಹೊರಳುತ್ತದೆ, ಐಹೊಳೆ ದಾಟಿ ಕೂಡಲಸಂಗಮದಲ್ಲಿ ಕೃಷ್ಣೆಯ ದಪ್ಪ ದಾರವನ್ನು ಸೇರುತ್ತದೆ. ಆ ಗಂಟನ್ನು ಅವನು ಬಹಳ ಹೊತ್ತು ಮುಟ್ಟಿ ನೋಡಿದ. ಆಮೇಲೆ ತಾನೇ ಕೆಳಗೆ ತುಂಗಭದ್ರೆಯನ್ನು ಹುಡುಕಿಕೊಂಡ. ಕೂಡ್ಲಿಯಲ್ಲಿ ತುಂಗಾ, ಭದ್ರಾ ಎರಡು ಎಳೆ ಒಂದಾಗುವುದನ್ನು, ಗಳಗನಾಥದಲ್ಲಿ ವರದಾ ಬಂದು ಸೇರುವುದನ್ನು ಬಾಯಿಬಿಟ್ಟು ಹೇಳಿದ. ಒಂದು ಅಂಗೈಯನ್ನು ಮಲಪ್ರಭೆಯ ಮೇಲೆ, ಇನ್ನೊಂದನ್ನು ತುಂಗಭದ್ರೆಯ ಮೇಲೆ ಇಟ್ಟುಕೊಂಡು, “ಹಾಗಾದರೆ ನಮ್ಮ ಜಿಲ್ಲೆ ಈ ಎರಡರ ನಡುವೆ ಇದೆ” ಎಂದ. ನಾನು ಅದನ್ನು ಇನ್ನೂ ಓದಿರಲಿಲ್ಲ. ನನಗಾದ ಸಂತೋಷ ಅಷ್ಟಿಷ್ಟಲ್ಲ.

ತಂದಿದ್ದ ರೊಟ್ಟಿ, ಚಟ್ನಿ ಕ್ಷಣದಲ್ಲಿ ಖಾಲಿಯಾದವು. ಸಂಜೆ ಉಳಿದ ಹುಡುಗರು ಬಲವಂತ ಮಾಡಿದ್ದರಿಂದ ತೋಡಿಯ ಆಲಾಪ ಸ್ವಲ್ಪ ಹಾಡಿದೆ. ಅದು ಬೆಳಗಿನ ರಾಗ, ಸಂಜೆ ಹಾಡುವಂಥದ್ದಲ್ಲ. ಆದರೂ ಅವರು ಕೇಳಿದ್ದು ನಾನೀಗ ಕಲಿಯುತ್ತಿರುವುದನ್ನು. ಅವರಲ್ಲಿ ತಬಲಾ ಕಲಿಯುವವನೊಬ್ಬ ಗಾಂಧಾರ ಬಂದಾಗಲೆಲ್ಲ ತಲೆ ಎತ್ತುತ್ತಿದ್ದ.

ಗದಗ, ಬೆಟಗೇರಿಯಲ್ಲಿರುವ ಗೆಳೆಯ ಗೆಳತಿಯರೇ, ಓದಿ ಹೇಳುವವರು ಇನ್ನೂ ಬೇಕಾಗಿದ್ದಾರೆ. ಪರೀಕ್ಷೆಯಲ್ಲಿ ಇವರು ಹೇಳಿದ್ದನ್ನು ಬರೆದುಕೊಡುವವರೂ ಬೇಕು. ಸಂಗೀತ ಬರಬೇಕಿಲ್ಲ, ಕನ್ನಡವನ್ನು ಸ್ಪಷ್ಟವಾಗಿ, ಅವಸರವಿಲ್ಲದೆ ಓದಿದರೆ ಸಾಕು. ಬರುವ ಶನಿವಾರ ಅರ್ಥಶಾಸ್ತ್ರ, ಬೇಡಿಕೆ ಮತ್ತು ಪೂರೈಕೆಯ ರೇಖೆಗಳು. ಎರಡು ರೇಖೆಗಳನ್ನು ಬೆರಳು ಬೇರೆ ಬೇರೆಯಾಗಿ ಗುರುತಿಸಬೇಕಲ್ಲ, ಅದಕ್ಕೆ ಒಂದಕ್ಕೆ ಉಣ್ಣೆಯ ದಾರ, ಇನ್ನೊಂದಕ್ಕೆ ಸಣಬಿನ ಹುರಿ ತಂದಿಟ್ಟಿದ್ದೇನೆ.