ನೂರು ಕ್ಯಾಂಡಲ್ ಬಾನುಲಿ

ವಾರಕ್ಕೆ ಎರಡು ಸಂಜೆ, ಮಂಗಳವಾರ ಮತ್ತು ಶನಿವಾರ, ಸಹಕಾರ ಸಂಘದ ಲೆಕ್ಕದ ಪುಸ್ತಕಗಳನ್ನು ಮುಚ್ಚಿಟ್ಟು ನಾನು ನಮ್ಮೂರಿನ ಸಮುದಾಯ ಬಾನುಲಿ ಕೇಂದ್ರದ ಮೆಟ್ಟಿಲು ಹತ್ತುತ್ತೇನೆ. ಆರು ಗಂಟೆಗೆ ಸರಿಯಾಗಿ ಸ್ಟುಡಿಯೋದ ಫ್ಯಾನು ಆರಿಸಬೇಕು, ಏಕೆಂದರೆ ಅದರ ರೆಕ್ಕೆಯ ಸದ್ದನ್ನು ಮೈಕು ನನ್ನ ದನಿಗಿಂತ ಚೆನ್ನಾಗಿ ಹಿಡಿಯುತ್ತದೆ. ಕಿಟಕಿಗೆ ದಪ್ಪ ಪರದೆ, ಗೋಡೆಗೆ ತೆಂಗಿನ ನಾರಿನ ಚಾಪೆ, ಬಾಗಿಲಿಗೆ ಹಳೆಯ ಕಂಬಳಿ. ಏಪ್ರಿಲ್ ತಿಂಗಳಲ್ಲಿ ಆ ಕೋಣೆಯೊಳಗೆ ಎರಡು ಗಂಟೆ ಕುಳಿತವನ ಅಂಗಿಯನ್ನು ಹಿಂಡಿದರೆ ಒಂದು ಲೋಟ ನೀರು ಸಿಕ್ಕೀತು. ಇದಕ್ಕೆ ಸಂಬಳವಿಲ್ಲ. ಏಳು ಗಂಟೆಗೆ ಒಂದು ಲೋಟ ಟೀ ಬರುತ್ತದೆ, ಕೇಂದ್ರವನ್ನು ನೋಡಿಕೊಳ್ಳುವ ಮೇಡಂ ಒಳ್ಳೆಯ ಮನಸ್ಸಿನಲ್ಲಿದ್ದರೆ ಜೊತೆಗೊಂದು ಮದ್ದೂರು ವಡೆಯೂ ಬರುತ್ತದೆ.

ನಾಲ್ಕು ವರ್ಷಗಳ ಹಿಂದೆ, ಸ್ವಯಂಸೇವಕರು ಬೇಕಾಗಿದ್ದಾರೆ ಎಂಬ ಚೀಟಿಯನ್ನು ಗ್ರಂಥಾಲಯದ ಬಾಗಿಲಲ್ಲಿ ಕಂಡು ಇಲ್ಲಿಗೆ ಬಂದಾಗ ನನ್ನ ತಲೆಯಲ್ಲಿದ್ದುದು ಬೆಂಗಳೂರಿನ ಖಾಸಗಿ ಎಫ್‌ಎಂಗಳ ಆರ್‌ಜೆಗಳ ಚಿತ್ರ. ಉಸಿರು ಬಿಡದೆ ಮಾತು, ಮಾತಿನ ಬಾಲಕ್ಕೆ ಹಾಡು. ನಾನೂ ಅದಕ್ಕೆ ತಕ್ಕ ಸಿದ್ಧತೆ ಮಾಡಿಕೊಂಡಿದ್ದೆ: ಎಪ್ಪತ್ತು ಎಂಬತ್ತರ ದಶಕದ ಸುಮಾರು ನಾನೂರು ಚಿತ್ರಗೀತೆಗಳನ್ನು ವರ್ಷವಾರು ಜೋಡಿಸಿ, ಒಂದೊಂದಕ್ಕೂ ಎರಡು ಸಾಲಿನ ಪೀಠಿಕೆ ಬರೆದು, ಪೆನ್‌ಡ್ರೈವ್‌ನಲ್ಲಿ ತುಂಬಿಕೊಂಡು ಹೋಗಿದ್ದೆ. ಮೇಡಂ ಆ ಪಟ್ಟಿಯನ್ನು ಕೊನೆಯವರೆಗೂ ತಾಳ್ಮೆಯಿಂದ ನೋಡಿ, ‘ಹಾಡುಗಳೇನೋ ಚೆನ್ನಾಗಿವೆ ಸರ್, ಆದರೆ ಪ್ರತಿಯೊಂದಕ್ಕೂ ಒಬ್ಬರು ಯಜಮಾನರಿದ್ದಾರಲ್ಲ’ ಎಂದರು. ಚಿತ್ರಗೀತೆಯನ್ನು ಪ್ರಸಾರ ಮಾಡಬೇಕಾದರೆ ಅದರ ಹಕ್ಕುದಾರರಿಗೆ ರಾಯಧನ ಕಟ್ಟಬೇಕು. ಕರೆಂಟು ಬಿಲ್ಲು ಕಟ್ಟುವುದಕ್ಕೇ ತಿಂಗಳ ಕೊನೆಯಲ್ಲಿ ತಡಕಾಡುವ ಕೇಂದ್ರಕ್ಕೆ ಅದು ಆಗಿಬರುವ ಮಾತಲ್ಲ. ಪೆನ್‌ಡ್ರೈವ್ ಮರಳಿ ಜೇಬು ಸೇರಿತು. ಈಗಲೂ ಅದು ಬಸ್ಸಿನಲ್ಲಿ ಹೋಗುವಾಗ ಮೊಬೈಲಿಗೆ ಸಿಕ್ಕಿಸಿಕೊಂಡು ಕೇಳಲು ಉಪಯೋಗಕ್ಕೆ ಬರುತ್ತಿದೆ.

ಆ ಹೊತ್ತಿನಲ್ಲಿ ನನಗೆ ಸ್ವಲ್ಪ ಅವಮಾನವೇ ಆಗಿತ್ತು. ಆದರೆ ಇಂಥ ಒಂದು ಕೋಣೆ ನಮ್ಮಂಥ ತಾಲ್ಲೂಕು ಊರಿಗೆ ದಕ್ಕಿದ್ದೇ ಹೇಗೆಂದು ಆಮೇಲೆ ಓದಿ ತಿಳಿದುಕೊಂಡ ಮೇಲೆ ಹಾಡಿನ ಚಿಂತೆ ಹಿಂದಕ್ಕೆ ಸರಿಯಿತು. ನಮ್ಮ ಸೀಮೆಯವರಿಗೆ ಬಾನುಲಿಯೆಂದರೆ ಮೊದಲು ನೆನಪಾಗುವುದು ಮೈಸೂರಿನ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು. ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರ ಕಲಿಸುತ್ತಿದ್ದ ಅವರು 1935ರ ಸೆಪ್ಟೆಂಬರಿನಲ್ಲಿ ತಮ್ಮ ಮನೆಯಿಂದಲೇ ಪ್ರಸಾರ ಆರಂಭಿಸಿದರು, ಆ ಪುಟ್ಟ ಕೇಂದ್ರಕ್ಕೆ ಇಟ್ಟ ‘ಆಕಾಶವಾಣಿ’ ಎಂಬ ಹೆಸರೇ ಮುಂದೆ ಇಡೀ ದೇಶದ ಬಾನುಲಿಯ ಹೆಸರಾಯಿತು. ಮನೆಯಿಂದ ಹೊರಟ ದನಿ ಸರ್ಕಾರದ ಕೈಗೆ ಹೋದ ಮೇಲೆ, ಮರಳಿ ಊರಿನವರ ಕೈಗೆ ಬರಲು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು. ಅದಕ್ಕೆ ದಾರಿ ಮಾಡಿಕೊಟ್ಟದ್ದು ಒಂದು ಕ್ರಿಕೆಟ್ ಜಗಳ ಎಂಬುದು ನನಗೆ ಇಂದಿಗೂ ತಮಾಷೆಯಾಗಿ ಕಾಣುತ್ತದೆ. ಪಂದ್ಯಾವಳಿಯೊಂದರ ಟಿ.ವಿ. ಪ್ರಸಾರದ ವಿಷಯವಾಗಿ ಬಂಗಾಳದ ಕ್ರಿಕೆಟ್ ಸಂಸ್ಥೆಗೂ ಕೇಂದ್ರ ಸರ್ಕಾರಕ್ಕೂ ನಡೆದ ವ್ಯಾಜ್ಯದಲ್ಲಿ ಸುಪ್ರೀಂ ಕೋರ್ಟು 1995ರ ಫೆಬ್ರುವರಿಯಲ್ಲಿ, ಪ್ರಸಾರದ ತರಂಗಗಳು ಸಾರ್ವಜನಿಕರ ಸ್ವತ್ತು ಎಂದು ಹೇಳಿತು. ಹಾಗೆ ಹೇಳಿದ ಮೇಲೂ ತರಂಗ ಜನರಿಗೆ ಕೂಡಲೇ ಸಿಗಲಿಲ್ಲ. ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ 2001ರಲ್ಲಿ ಹುಟ್ಟಿದ ‘ನಮ್ಮ ಧ್ವನಿ’ಗೆ ಗಾಳಿಯಲ್ಲಿ ಪ್ರಸಾರ ಮಾಡುವ ಪರವಾನಗಿ ಇರಲಿಲ್ಲವಾದ್ದರಿಂದ ಅಲ್ಲಿನ ಹೆಂಗಸರು ಮತ್ತು ಯುವಕರು ತಯಾರಿಸಿದ ಕಾರ್ಯಕ್ರಮಗಳು ಕೇಬಲ್ ತಂತಿಯ ಮೂಲಕ ಮನೆಗಳಿಗೆ ಹೋಗುತ್ತಿದ್ದವು. ಮರುವರ್ಷ ಸರ್ಕಾರ ಶಿಕ್ಷಣ ಸಂಸ್ಥೆಗಳಿಗೆ ಬಾಗಿಲು ತೆರೆಯಿತು. 2006ರ ನವೆಂಬರಿನಲ್ಲಿ ಸ್ವಯಂಸೇವಾ ಸಂಸ್ಥೆಗಳಿಗೂ ಅವಕಾಶ ದೊರೆಯಿತು. 2008ರ ಅಕ್ಟೋಬರಿನಲ್ಲಿ ಈಗಿನ ತೆಲಂಗಾಣದ ಮಾಚನೂರಿನಲ್ಲಿ ದಲಿತ ಹೆಣ್ಣುಮಕ್ಕಳೇ ನಡೆಸುವ ಸಂಘಂ ರೇಡಿಯೋ ಮಾತನಾಡತೊಡಗಿತು.

ಅನುಮತಿಯ ಜೊತೆಗೆ ಬಂದ ಷರತ್ತುಗಳಲ್ಲಿ ಮುಖ್ಯವಾದದ್ದು ಶಕ್ತಿಯ ಮಿತಿ. ಸಾಮಾನ್ಯವಾಗಿ 100 ವ್ಯಾಟ್ ಮೀರುವಂತಿಲ್ಲ, ಆಂಟೆನಾ 30 ಮೀಟರಿಗಿಂತ ಎತ್ತರ ಇರುವಂತಿಲ್ಲ. ನಾನು ಚಿಕ್ಕವನಿದ್ದಾಗ ನಮ್ಮ ಮನೆಯ ಪಡಸಾಲೆಯಲ್ಲಿ ಉರಿಯುತ್ತಿದ್ದ, ಊರವರು ‘ನೂರು ಕ್ಯಾಂಡಲ್ ಬಲ್ಬು’ ಎನ್ನುತ್ತಿದ್ದರಲ್ಲ, ಅಷ್ಟೇ ಶಕ್ತಿ. ಆ ಶಕ್ತಿಯಲ್ಲಿ ನಮ್ಮ ದನಿ ಸುತ್ತಲಿನ ಹತ್ತು ಹನ್ನೆರಡು ಕಿಲೋಮೀಟರು ಹೋಗುತ್ತದೆ, ಎದುರಿಗೆ ಗುಡ್ಡ ಬಂದರೆ ಅಲ್ಲಿಗೇ ಮುಗಿಯಿತು. ಪೂರ್ವಕ್ಕೆ ಕೆರೆ ಏರಿಯ ಆಚೆಗಿನ ನಾಲ್ಕು ಹಳ್ಳಿಗಳಿಗೆ ನಾವು ಗಂಟೆ ಹೊಡೆದಂತೆ ಕೇಳಿಸುತ್ತೇವೆ, ಪಶ್ಚಿಮದ ಕಲ್ಲುಗುಡ್ಡದ ಹಿಂದಿನ ಊರಿಗೆ ನಾವು ಇಲ್ಲವೇ ಇಲ್ಲ.

ಈ ಮಿತಿಯ ಅರ್ಥ ನನಗೆ ಮನವರಿಕೆಯಾದದ್ದು ಬಸ್ ನಿಲ್ದಾಣದ ಪಕ್ಕದ ದರ್ಜಿಯೊಬ್ಬರಿಂದ. ಅವರ ಮೊಬೈಲಿನ ರೇಡಿಯೋ ಇಯರ್‌ಫೋನಿನ ತಂತಿ ಸಿಕ್ಕಿಸದೆ ಹಾಡುವುದಿಲ್ಲ, ತಂತಿಯೇ ಅದಕ್ಕೆ ಆಂಟೆನಾ. ಹಾಗಾಗಿ ಅವರು ತಂತಿಯನ್ನು ಅಳತೆ ಟೇಪು ನೇತುಹಾಕುವ ಮೊಳೆಗೇ ಸುತ್ತಿ, ದನಿಯನ್ನು ಸ್ಪೀಕರಿಗೆ ತಿರುಗಿಸಿ, ಹೊಲಿಗೆ ಯಂತ್ರದ ಸದ್ದಿನ ನಡುವೆಯೇ ಕೇಳುತ್ತಾರೆ. ಒಂದು ಮಂಗಳವಾರ ಹಾಡಿನ ಮಧ್ಯೆ ನಮ್ಮ ಕಂಪ್ಯೂಟರು ಸ್ತಬ್ಧವಾಯಿತು. ಅಂಥ ಹೊತ್ತಿನಲ್ಲಿ ಮೈಕಿನ ಫೇಡರ್, ಅಂದರೆ ದನಿ ಏರಿಸಿ ಇಳಿಸುವ ಗುಂಡಿ, ಮೇಲೆತ್ತಿ ಏನಾದರೂ ಮಾತನಾಡಬೇಕು ಎಂಬುದು ನಮಗೆ ಕಲಿಸುವ ಮೊದಲ ಪಾಠ. ನಾನು ಪಾಠ ಮರೆತು ಇಲಿಯನ್ನು ಹಿಡಿಯಲು ಹೊರಟ ಬೆಕ್ಕಿನಂತೆ ಮೇಜಿನ ಕೆಳಗಿನ ವೈರುಗಳಲ್ಲಿ ಕೈಯಾಡಿಸುತ್ತ ಕುಳಿತೆ. ಹೀಗೆ ಕಳೆದದ್ದು ಮೂರು ನಿಮಿಷಕ್ಕೂ ಹೆಚ್ಚು. ಮರುದಿನ ಪ್ಯಾಂಟಿನ ಉದ್ದ ಕಡಿಮೆ ಮಾಡಿಸಲು ಹೋದಾಗ ದರ್ಜಿಯವರು ಹೊಸ ಇಯರ್‌ಫೋನು ತೋರಿಸಿ, ‘ನೆನ್ನೆ ನಮ್ಮ ತಂತಿ ಕೆಟ್ಟೋಯ್ತು ಸಾರ್, ನಿಮ್ಮ ದನಿ ನಿಂತೇ ಹೋಯ್ತು, ಓಡಿಹೋಗಿ ತಂದೆ, ಎಂಬತ್ತು ರೂಪಾಯಿ’ ಎಂದರು. ತಂತಿ ಕೆಟ್ಟಿರಲಿಲ್ಲ ಎಂದು ಹೇಳಲು ನನಗೆ ಎರಡು ದಿನ ಬೇಕಾಯಿತು. ದುಡ್ಡು ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ. ಈಗ ಕಂಪ್ಯೂಟರಿನ ಪಕ್ಕದಲ್ಲಿ ಎರಡು ಹಾಡು ತುಂಬಿದ ಹಳೆಯ ಮೊಬೈಲೊಂದನ್ನು ದನಿಗಳನ್ನು ಬೆರೆಸುವ ಮಿಕ್ಸರಿಗೆ ಜೋಡಿಸಿಯೇ ಇಟ್ಟಿರುತ್ತೇನೆ.

ಚಿತ್ರಗೀತೆ ಇಲ್ಲವೆಂದ ಮೇಲೆ ಹಾಕುವ ಹಾಡಾದರೂ ಯಾವುದು ಎಂಬ ಪ್ರಶ್ನೆಗೆ ಬರುತ್ತೇನೆ. ಕಾರ್ಯಕ್ರಮಗಳಲ್ಲಿ ಕನಿಷ್ಠ ಅರ್ಧದಷ್ಟಾದರೂ ಸ್ಥಳೀಯರು ಸೇರಿ ಇಲ್ಲಿಯೇ ತಯಾರಿಸಿದ್ದಾಗಿರಬೇಕು ಎಂಬುದು ನಿಯಮ, ಹಾಗಾಗಿ ಹಾಡನ್ನು ನಾವೇ ಹೋಗಿ ತರಬೇಕು. ಸೋಬಾನೆ ಪದ, ತತ್ವಪದ, ಕೋಲಾಟದ ಪದ, ಭಜನೆ, ಶಾಲೆಯ ಮಕ್ಕಳ ಹಾಡು. ಪರಂಪರೆಯಿಂದ ಬಂದ ಪದಕ್ಕೆ ರಾಯಧನ ಕೇಳುವ ಯಜಮಾನರಿಲ್ಲವಾದರೂ ಹಾಡಿದವರಿಗೆ ತಮ್ಮ ದನಿಯ ಮೇಲೆ ಹಕ್ಕಿದೆ. ಅದಕ್ಕಾಗಿ ಒಪ್ಪಿಗೆ ಪತ್ರವನ್ನು ಓದಿ ಹೇಳಿ, ಸಹಿ ಇಲ್ಲವೇ ಹೆಬ್ಬೆಟ್ಟು ಪಡೆದ ಮೇಲೆಯೇ ರೆಕಾರ್ಡರು ಹೊರತೆಗೆಯುತ್ತೇವೆ. 

ಮೊದಲ ಸಲ ಹೀಗೆ ಹೋದದ್ದು ಕೆರೆಯಾಚೆಯ ಹಳ್ಳಿಯ ಒಬ್ಬ ಅಜ್ಜಿಯ ಮನೆಗೆ. ರಾಗಿ ಬೀಸುವ ಪದ ಅವರಿಗೆ ರಾತ್ರಿಯೆಲ್ಲ ಹಾಡುವಷ್ಟು ಬರುತ್ತದೆಂದು ಕೇಳಿದ್ದೆ. ಜಗಲಿಯಲ್ಲಿ ಕೂರಿಸಿ, ಮೈಕು ಹಿಡಿದು, ‘ಹಾಡಿ ಅಜ್ಜಿ’ ಎಂದರೆ ಅವರು ನನ್ನನ್ನು ವಿಚಿತ್ರವಾಗಿ ನೋಡಿ, ‘ಕಲ್ಲು ತಿರುಗ್ದೆ ಪದ ಎಲ್ಲಿಂದ ಬತ್ತದೆ ಮಗಾ?’ ಎಂದರು. ಮಿಲ್ಲು ಬಂದ ಮೇಲೆ ಬೀಸುಕಲ್ಲು ಹಿತ್ತಲು ಸೇರಿತ್ತು, ಅದರ ಗೂಟ ಯಾವ ಕಾಲಕ್ಕೋ ಒಲೆ ಸೇರಿತ್ತು. ಮೊಮ್ಮಗ ಹುಣಸೆಯ ಕೊಂಬೆ ಕಡಿದು ಗೂಟ ಮಾಡುವ ಹೊತ್ತಿಗೆ ಅಜ್ಜಿ ಕಲ್ಲು ತೊಳೆದು, ಒಣಗಿಸಿ, ಎರಡು ಹಿಡಿ ರಾಗಿ ಹಾಕಿ ಸಿದ್ಧರಾದರು. ನೆಲದ ಅದುರು ರೆಕಾರ್ಡರಿಗೆ ಹತ್ತದಿರಲೆಂದು ಅದನ್ನು ಮಡಿಸಿದ ಗೋಣಿಚೀಲದ ಮೇಲಿಟ್ಟೆ. ಕಲ್ಲು ಒಂದು ಸುತ್ತು ಬಂದಿತು, ಎರಡನೆಯ ಸುತ್ತಿನಲ್ಲಿ, ಕಲ್ಲು ಕೊಟ್ಟ ಮನೆಯವರನ್ನು ಹರಸುವ ಪದ ತಾನಾಗಿ ಮೇಲೆದ್ದಿತು. ಗೂಟವನ್ನು ತಮ್ಮ ಕಡೆಗೆ ಎಳೆದುಕೊಳ್ಳುವಾಗ ಸಾಲು ಏರುತ್ತಿತ್ತು, ಆಚೆಗೆ ನೂಕುವಾಗ ಇಳಿಯುತ್ತಿತ್ತು. ಎಡಗೈಯಿಂದ ರಾಗಿ ತುಂಬುವ ಹೊತ್ತಿಗೆ ಸರಿಯಾಗಿ ತ್ರಿಪದಿಯ ಮೂರನೆಯ ಸಾಲು ಮುಗಿದು ಉಸಿರಿಗೆ ಬಿಡುವು ಸಿಗುತ್ತಿತ್ತು. ನಲವತ್ತು ನಿಮಿಷ ಹಾಡಿದರು. ಮಧ್ಯೆ ಎರಡು ಸಲ ಕೋಳಿ ಕೂಗಿತು.

ಸ್ಟುಡಿಯೋಗೆ ಬಂದು, ದನಿ ತಿದ್ದುವ ತಂತ್ರಾಂಶವಾದ ಆಡಾಸಿಟಿಯಲ್ಲಿ ಆ ಧ್ವನಿಮುದ್ರಣ ತೆರೆದಾಗ, ಹೊಸದಾಗಿ ಕಲಿತವನ ಹುರುಪಿನಲ್ಲಿ, ಕಲ್ಲಿನ ಗುಡುಗುಡು ಸದ್ದನ್ನು ಸೋಸಿ ತೆಗೆದುಬಿಟ್ಟೆ. ದನಿ ಸ್ವಚ್ಛವಾಯಿತು, ಪದ ಕುಂಟತೊಡಗಿತು. ಏಕೆ ಅಲ್ಲಿ ನಿಲ್ಲುತ್ತಾರೆ, ಏಕೆ ಇಲ್ಲಿ ಎಳೆಯುತ್ತಾರೆ ಎಂಬುದಕ್ಕೆ ಕಾರಣವೇ ಕಾಣದಂತಾಯಿತು. ಮಾಡಿದ್ದನ್ನೆಲ್ಲ ಅಳಿಸಿ ಕಲ್ಲನ್ನು ಮರಳಿ ತಂದು ಕೂರಿಸಿದೆ, ಕೋಳಿಯೂ ಹಾಗೆಯೇ ಉಳಿಯಿತು. ದರ್ಜಿಯವರ ಮೊಬೈಲಿನ ಚಿಕ್ಕ ಸ್ಪೀಕರಿನಲ್ಲಿ ಆ ಮಂದ್ರದ ಸದ್ದು ಹೇಗೂ ಬರುವುದಿಲ್ಲ. ಆದರೆ ಪ್ರಸಾರವಾದ ರಾತ್ರಿ, ಟ್ರಾನ್ಸಿಸ್ಟರು ಇಟ್ಟುಕೊಂಡಿರುವ ಹಳಬರೊಬ್ಬರು ಫೋನು ಮಾಡಿ, ಕಲ್ಲಿನಲ್ಲಿ ಒಮ್ಮೆ ರಾಗಿ ಮುಗಿದು ಬರಿಗಲ್ಲು ತಿರುಗಿತೆಂದೂ ಅಜ್ಜಿ ಅದನ್ನು ಗಮನಿಸಬೇಕಿತ್ತೆಂದೂ ದೂರು ಹೇಳಿದರು. ಮತ್ತೆ ಕೇಳಿ ನೋಡಿದೆ. ಅವರ ಮಾತು ನಿಜವಾಗಿತ್ತು.

ಎಲ್ಲ ದೂರೂ ಹೀಗೆ ಸಿಹಿಯಾಗಿರುವುದಿಲ್ಲ. ಕಳೆದ ವರ್ಷ ಸಂಕ್ರಾಂತಿಯ ಸಮಯದಲ್ಲಿ ಹಾಡುಗಳ ಕಡತದಲ್ಲಿ ಹೆಸರನ್ನು ನಾನೇ ತಪ್ಪಾಗಿ ನಮೂದಿಸಿದ್ದರಿಂದ, ಸೋಬಾನೆಯಲ್ಲಿ ಹೆಣ್ಣು ಒಪ್ಪಿಸುವಾಗ ಹಾಡುವ ಪದವನ್ನು ‘ಈಗ ಒಂದು ಸುಗ್ಗಿಯ ಹಾಡು’ ಎಂದು ಉತ್ಸಾಹದಿಂದ ಸಾರಿ ಹಾಕಿದೆ. ಪದಗಳ ಕಡೆ ಗಮನ ಕೊಡದೆ ಮುಂದಿನ ಪ್ರಕಟಣೆಯ ಹಾಳೆ ಹುಡುಕುತ್ತಿದ್ದೆ. ಹಾಡು ಮುಗಿಯುವ ಮುನ್ನವೇ ಫೋನು ಬಂತು. ‘ಒಬ್ಳೇ ಮಗಳ್ನ ಹೋದ್ ತಿಂಗ್ಳು ಕಳ್ಸಿಕೊಟ್ಟಿವ್ನಿ ಕಣಪ್ಪ, ನೀನು ಸುಗ್ಗಿ ಅಂತ ನಗ್ತಾ ಹೇಳ್ತೀಯಲ್ಲ’ ಎಂದಿತು ಒಂದು ಹೆಣ್ಣುದನಿ. ಕೋಪವಿರಲಿಲ್ಲ, ಅಳುವಿತ್ತು. ನಾನು ಪ್ರಸಾರದಲ್ಲಿಯೇ ತಪ್ಪೊಪ್ಪಿಕೊಂಡು, ಅದು ಯಾವ ಪದವೆಂದು ಹೇಳಿದೆ, ಆ ತಾಯಿ ಕೇಳಿಕೊಂಡಂತೆ ಅದನ್ನು ಇನ್ನೊಮ್ಮೆ ಮೊದಲಿನಿಂದ ಹಾಕಿದೆ. ಅಂದಿನಿಂದ ಪೂರ್ತಿ ಕೇಳದ ಯಾವ ಹಾಡನ್ನೂ ಹಾಕುವುದಿಲ್ಲ. ಹಾಡುವವರ ಮನೆಗೆ ಹೋದಾಗ ಪದ ಯಾವುದೆಂದು ಕೇಳಿ ಸುಮ್ಮನಾಗದೆ ಅದನ್ನು ಯಾವಾಗ, ಯಾರ ಮುಂದೆ ಹಾಡುತ್ತಾರೆ ಎಂದೂ ಬರೆದುಕೊಳ್ಳುತ್ತೇನೆ. ಆ ನೋಟುಪುಸ್ತಕ ಈಗ ನನ್ನ ಬಳಿಯಿರುವ ಎಲ್ಲ ಹಾಡುಗಳಿಗಿಂತ ದೊಡ್ಡದಾಗಿದೆ.

ಸುದ್ದಿಯ ವಿಷಯದಲ್ಲಿ ಮಾತ್ರ ಕೈ ಕಟ್ಟಿದೆ. ಆಕಾಶವಾಣಿಯ ಸುದ್ದಿಯನ್ನು ಇದ್ದಂತೆಯೇ ಮರುಪ್ರಸಾರ ಮಾಡಬಹುದೇ ಹೊರತು ನಮ್ಮದೇ ಸುದ್ದಿ, ರಾಜಕೀಯದ ಮಾತು ನಡೆಯುವುದಿಲ್ಲ. ನೀರು, ಕರೆಂಟು, ಲಸಿಕೆ, ಪರೀಕ್ಷೆಗಳ ಪ್ರಕಟಣೆಗೆ ಅಡ್ಡಿಯಿಲ್ಲ. ಆದ್ದರಿಂದ ಮೂರನೆಯ ವಾರ್ಡಿಗೆ ನಾಳೆ ನೀರು ಬರುವುದಿಲ್ಲ ಎಂದು ನಾನು ಹೇಳುತ್ತೇನೆ. ಮೂರನೆಯ ವಾರ್ಡಿಗೇ ಯಾಕೆ ಪದೇ ಪದೇ ಬರುವುದಿಲ್ಲ ಎಂದು ಹೇಳುವ ಹಾಗಿಲ್ಲ. ನಾನು ಆ ವಾರ್ಡಿನವನೇ. ಈ ನಿಯಮ ಅತಿಯಾಯಿತೆಂದೇ ನನ್ನ ಅಭಿಪ್ರಾಯ; ಹತ್ತು ಕಿಲೋಮೀಟರಿನೊಳಗೆ ಸುಳ್ಳು ಸುದ್ದಿ ಹೇಳಿ ಮರುದಿನ ಸಂತೆಗೆ ಹೋಗುವ ಧೈರ್ಯ ಯಾರಿಗಿದೆ?

ಇನ್ನೊಂದು ಚಿಂತೆಯೆಂದರೆ, ಈಚೆಗೆ ಹುಡುಗರು ಕೊಳ್ಳುವ ಎಷ್ಟೋ ಮೊಬೈಲುಗಳಲ್ಲಿ ಎಫ್‌ಎಂ ಇರುವುದೇ ಇಲ್ಲ. ನಮ್ಮ ಕೇಳುಗರು ಬಹುಪಾಲು ಹಳೆಯ ಬಟನ್ ಫೋನಿನವರು. ಸ್ವಯಂಸೇವಕರಾಗಿ ಬರುವ ಕಾಲೇಜು ಮಕ್ಕಳು ಫೇಡರ್, ಹೆಡ್‌ಫೋನು, ಎಡಿಟಿಂಗ್ ಎಲ್ಲವನ್ನೂ ನನಗಿಂತ ಬೇಗ ಕಲಿತು, ಡಿಗ್ರಿ ಮುಗಿದೊಡನೆ ಬೆಂಗಳೂರಿನ ಬಸ್ಸು ಹತ್ತುತ್ತಾರೆ. ಅವರನ್ನು ದೂರುವಂತಿಲ್ಲ. ವೇಳಾಪಟ್ಟಿಯಲ್ಲಿ ಅವರ ಸಂಜೆಗಳು ಖಾಲಿಯಾದಾಗ ನನ್ನ ಎರಡು ಸಂಜೆ ಮೂರಾಗುತ್ತದೆ, ಅಷ್ಟೇ.

ಬರುವ ಶನಿವಾರ ಪ್ರಸಾರವನ್ನು ಇನ್ನೊಬ್ಬರಿಗೆ ಒಪ್ಪಿಸಿ ನಾನು ಮತ್ತೆ ಕೆರೆಯಾಚೆಗೆ ಹೋಗಬೇಕಾಗಿದೆ. ಬೀಸುವ ಪದ ಪ್ರಸಾರವಾದಾಗಿನಿಂದ ಆ ಅಜ್ಜಿಯ ನಾದಿನಿ ಪಕ್ಕದ ಹಳ್ಳಿಯಿಂದ ವಾರಕ್ಕೊಮ್ಮೆ ಫೋನು ಮಾಡಿಸುತ್ತಿದ್ದಾರೆ. ಅತ್ತಿಗೆ ಹಾಡಿದ್ದು ಅರ್ಧ ಪದವಂತೆ, ಉಳಿದರ್ಧ ತಮ್ಮ ಹತ್ತಿರ ಇದೆಯಂತೆ. ಆದರೆ ಅವರ ಮನೆಯ ಬೀಸುಕಲ್ಲನ್ನು ಮಗ ಎಂದೋ ಮಾರಿಬಿಟ್ಟಿದ್ದಾನೆ, ಅತ್ತಿಗೆಯ ಮನೆಗೆ ಮಾತ್ರ ತಾವು ಕಾಲಿಡುವುದಿಲ್ಲವೆಂದು ಹಟ ಹಿಡಿದಿದ್ದಾರೆ. ಅತ್ತಿಗೆಯನ್ನು ಕೇಳಿದೆ. ಕಲ್ಲು ಒಯ್ಯಲು ಅಡ್ಡಿಯಿಲ್ಲ, ಆದರೆ ಕಲ್ಲಿನ ಜೊತೆ ತಾವೂ ಬಂದು ಎದುರಿಗೇ ಕೂತು ಕೇಳುತ್ತೇವೆ ಎಂದಿದ್ದಾರೆ. ಲಗೇಜ್ ಆಟೋದವರಿಗೆ ಬೆಳಿಗ್ಗೆ ಒಂಬತ್ತಕ್ಕೆ ಬರಲು ಹೇಳಿದ್ದೇನೆ.