ಯಾರ್ ಹಾಕಿದ್ರು ಈ ಆಯಿಲ್ಲ?

ಸೋಮವಾರ ಕುಡಿತಿನಿ ದಾಟಿ ತೋರಣಗಲ್ಲು ಕಡೆ ಹೋಗುವಾಗ ಅದಿರಿನ ಲಾರಿಯೊಂದನ್ನು ಹಿಂದೆ ಹಾಕೋಣ ಅಂತ ಬೈಕಿನ ಆಕ್ಸಿಲರೇಟರ್ ತಿರುವಿದೆ. ಇಂಜಿನ್ ಕಿರುಚಿತು. ಆರ್‌ಪಿಎಂ ಮುಳ್ಳು ಸರ್ರಂತ ಮೇಲೆ ಹೋಯಿತು. ಗಾಡಿ ಮಾತ್ರ ಮುಂದೆ ಹೋಗಲಿಲ್ಲ. ಪಕ್ಕದಲ್ಲಿ ನನ್ನೆತ್ತರದ ಚಕ್ರ, ಹಿಂದೆ ಯಾರದೋ ಹಾರ್ನ್, ಹಿಂದೆ ಸರಿಯೋದಾ ಮುಂದೆ ಹೋಗೋದಾ ಗೊತ್ತಾಗದೆ ಅರ್ಧ ನಿಮಿಷ ಕೈ ನಡುಗಿತು. ಮೂರು ದಿನದಿಂದ ಸ್ವಲ್ಪ ಸ್ವಲ್ಪ ಹೀಗೇ ಮಾಡುತ್ತಿತ್ತು, ಬಿಸಿಲಿಗೆ ಇರಬೇಕು ಅಂತ ಸುಮ್ನಿದ್ದೆ. ಬಳ್ಳಾರಿಯಲ್ಲಿ ಏನು ಕೆಟ್ಟರೂ ಮೊದಲು ಬಿಸಿಲಿನ ತಲೆಗೇ ಕಟ್ಟೋದು ಅಲ್ವಾ.

ಕೌಲ್ ಬಜಾರಿನ ಚಾಚಾ ಹತ್ತಿರ ಒಯ್ದೆ. ನಾಲ್ಕನೇ ಗೇರಿನಲ್ಲಿ ಒಂದು ರೌಂಡ್ ಹೊಡೆದು ಬಂದರು. "ಇಂಜಿನ್ ಚಲೋ ಐತ್ರಿ. ಕ್ಲಚ್ ಹಿಡೀವಲ್ದು." ಅಂದರೆ ಇಂಜಿನ್ನಿನ ಜೋರನ್ನು ಚಕ್ರಕ್ಕೆ ದಾಟಿಸುವ ಪ್ಲೇಟುಗಳು ಒಂದನ್ನೊಂದು ಹಿಡಿಯದೆ ಜಾರುತ್ತಿವೆ. ಕೇಬಲ್ ಟೈಟ್ ಇದೆಯಾ ನೋಡಿದರು, ಲಿವರ್ ತುದಿಯಲ್ಲಿ ಬೇಕಾದಷ್ಟು ಆಟ ಇತ್ತು. ಕವರ್ ಬಿಚ್ಚಿದರು. ಕಂದು ಬಣ್ಣದ ಕ್ಲಚ್ ಪ್ಲೇಟುಗಳು ಗಾಜಿನ ಹಾಗೆ ಮಿಂಚುತ್ತಿದ್ದವು, ನಡುವಿನ ಸ್ಟೀಲ್ ಪ್ಲೇಟುಗಳು ಸುಟ್ಟು ನೀಲಿಗೆ ತಿರುಗಿದ್ದವು. ಚಾಚಾ ಎರಡು ಬೆರಳಲ್ಲಿ ಆಯಿಲ್ ತಿಕ್ಕಿ ನೋಡಿದರು.

"ಭಾಳ ತೆಳ್ಳಗೈತಲ್ರಿ. ಕಾರಿಂದೇನು? ಯಾರ್ ಹಾಕಿದ್ರು ಈ ಆಯಿಲ್ಲ?"

"ಯಾರೋ ಮೆಕ್ಯಾನಿಕ್ ಚಾಚಾ, ಹೊಸಪೇಟೆ ಕಡೆ."

"ಅವ್ನತ್ರ ಇನ್ನೊಮ್ಮೆ ಹೋಗಬ್ಯಾಡ್ರಿ."

ಹೂಂ ಅಂತ ತಲೆ ಆಡಿಸಿದೆ. ಹಾಕಿದ್ದು ನಾನೇ. ನಮ್ಮ ಭಾವನ ಹೊಸ ಕಾರಿಗೆ ಹಾಕಿ ಒಂದು ಲೀಟರ್ ಮಿಕ್ಕಿತ್ತು. "ಫುಲ್ ಸಿಂಥೆಟಿಕ್ ಐತಿ ಲೇ, ನಿನ್ ಗಾಡಿ ಹಾರ್ತೈತಿ" ಅಂತ ಕೊಟ್ಟಿದ್ದರು. ಭಾವ ಏನು ಕೊಟ್ಟರೂ ಅದರ ರೇಟು ಹೇಳದೆ ಕೊಡುವವರಲ್ಲ. ಅಷ್ಟು ದುಬಾರಿ ಅಂದಮೇಲೆ ಒಳ್ಳೇದೇ ಇರಬೇಕು ಅಂದುಕೊಂಡೆ.

ಆಮೇಲೆ ಗೊತ್ತಾಯಿತು. ಸಾಮಾನ್ಯವಾಗಿ ಗೇರಿನ ಕಾರಲ್ಲಿ ಕ್ಲಚ್ ಆಯಿಲ್ ಮುಟ್ಟದೆ ಒಣಗಿಯೇ ಇರುತ್ತದೆ. ನಮ್ಮ ಬೈಕಲ್ಲಿ ಅದು ಇಂಜಿನ್ ಆಯಿಲ್‌ನಲ್ಲೇ ಮುಳುಗಿರುತ್ತದೆ. ಕಾರಿನ ಆಯಿಲ್‌ಗೆ ಮೈಲೇಜ್ ಬರಲಿ ಅಂತ ಜಾರುವ ಗುಣ ಜಾಸ್ತಿ ಸೇರಿಸಿರುತ್ತಾರೆ, ಅದು ಪ್ಲೇಟಿನ ನಡುವೆ ಹೋದರೆ ಒಂದು ಇನ್ನೊಂದನ್ನು ಹಿಡಿಯೋದಾದರೂ ಹೇಗೆ. ಬೈಕಿನ ಆಯಿಲ್ ಡಬ್ಬದ ಮೇಲೆ ಜಾಸೋ ಎಂಎ, ಅಂದರೆ ಮುಳುಗಿದ ಕ್ಲಚ್ಚಿಗೂ ಒಗ್ಗುವ ಆಯಿಲ್ ಅನ್ನೋ ಗುರುತು, ಇರುವುದು ಇದಕ್ಕೇ. ಇಷ್ಟು ವರ್ಷ ಆ ಅಕ್ಷರಗಳನ್ನು ಡಿಸೈನ್ ಅಂದುಕೊಂಡಿದ್ದೆ.

ಅಲ್ಲೇ ಕೂತಿದ್ದ ಹುಡುಗ ಮೊಬೈಲಲ್ಲಿ ಕವಾಸಾಕಿ ಎಚ್2 ಬೈಕಿನ ವಿಡಿಯೋ ನೋಡುತ್ತಿದ್ದ. 998 ಸಿಸಿ, ಜೊತೆಗೆ ಇಂಜಿನ್ನಿಗೆ ಗಾಳಿ ಒತ್ತಿ ತುಂಬುವ ಸೂಪರ್‌ಚಾರ್ಜರ್, ಅದರ ಫ್ಯಾನ್ ನಿಮಿಷಕ್ಕೆ 1 ಲಕ್ಷ ಸುತ್ತು ದಾಟುತ್ತದಂತೆ. "ಚಾಚಾ, ಅಂಥಾ ಗಾಡ್ಯಾಗೂ ಕ್ಲಚ್ ಸ್ಲಿಪ್ ಹೊಡಿತೈತಾ?" ಅಂದ. ಚಾಚಾ ತಲೆ ಎತ್ತಲಿಲ್ಲ. "ಹೊಡೀದೆ ಏನು. ಗಾಳಿ ಒತ್ತಿ ಒಳಗ ತುಂಬಿದ್ರ ಇಂಜಿನ್ನಿಗೆ ಜೋರು ಬರ್ತೈತಿ, ಪ್ಲೇಟ್ ಒತ್ತಿ ಹಿಡಿಯೋ ಸ್ಪ್ರಿಂಗಿಗೂ ಜೋರು ಬೇಕಲ್ಲ. ಗಟ್ಟಿ ಸ್ಪ್ರಿಂಗ್ ಹಾಕ್ಬೇಕು." ಆಮೇಲೆ ನನ್ನ 150 ಸಿಸಿ ಕಡೆ ನೋಡಿ ನಕ್ಕರು. "ಸರ್ದಕ್ಕೆ ಅದೇನೂ ಬ್ಯಾಡ. ಹೊಸಪೇಟ್ಯಾಗಿನ ಆ ಪುಣ್ಯಾತ್ಮ ಒಬ್ನ ಸಾಕು."

ಹುಡುಗನೂ ನಕ್ಕ. ನಾನೂ ನಕ್ಕೆ.

ಹಳೆ ಆಯಿಲ್ ಇಳಿಸಿ, ಹೊಸ ಪ್ಲೇಟುಗಳನ್ನು ಆಯಿಲ್‌ನಲ್ಲಿ ನೆನೆಸಿಟ್ಟು ಆಮೇಲೆ ಕೂರಿಸಿದರು, ಸ್ಪ್ರಿಂಗ್ ಕೂಡ ಹೊಸದು. ಅಷ್ಟರಲ್ಲಿ ನಾನು ಒಗ್ಗರಣೆ ಮಿರ್ಚಿ ತಂದೆ. ತಿನ್ನುತ್ತಾ ಚಾಚಾ ಮತ್ತೆ ಅದೇ ಮಾತು ತೆಗೆದರು. ಇಂಥವರಿಂದಲೇ ಎಲ್ಲಾ ಮೆಕ್ಯಾನಿಕ್‌ಗಳ ಹೆಸರು ಕೆಡೋದು ಅಂತ. ಆಗಲಾದರೂ ಹೇಳಬಹುದಿತ್ತು. ಬಾಯಲ್ಲಿ ಮಿರ್ಚಿ ಇತ್ತು ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೇನೆ. ಯೋಚಿಸಿದರೆ, ಮೆಕ್ಯಾನಿಕ್ ಮೋಸ ಮಾಡಿದ ಅಂತ ನಾನು ಆಫೀಸಿನಲ್ಲಿ ಹೇಳಿದ ಕಥೆಗಳು ಎಷ್ಟಿವೆಯೋ. ಅದರಲ್ಲಿ ನಿಜವಾದ ಮೆಕ್ಯಾನಿಕ್ ಎಷ್ಟು ಜನ, ಹೊಸಪೇಟೆಯವನಂಥವರು ಎಷ್ಟು ಜನ ಅಂತ ಈ ವಾರವೆಲ್ಲಾ ಲೆಕ್ಕ ಹಾಕುತ್ತಿದ್ದೇನೆ.

ನಿನ್ನೆ ರಾತ್ರಿ ಭಾವ ಫೋನ್ ಮಾಡಿದ್ದರು. "ಹೆಂಗೈತಿ ಆಯಿಲ್ಲು?"

"ಸೂಪರ್ ಐತಿ ಭಾವ" ಅಂದೆ.